ಶಾಕ್‌ವೇವ್‌ಗೆ ಮುಂಚಿನ ಹನ್ನೆರಡು ವಾರ: ಮಂಡ್ಯದ ಒಂದು ಪ್ರಕರಣ

ಮಂಡ್ಯ ತಾಲ್ಲೂಕಿನ ಕಬ್ಬು ಬೆಳೆಗಾರ, ವಯಸ್ಸು 54. ಶುಗರ್ ಬಂದು 11 ವರ್ಷ. ಮೂರು ವರ್ಷದಿಂದ ನಿಮಿರುವಿಕೆ ಸಡಿಲವಾಗುತ್ತಾ ಬಂದು, ಕಳೆದ ಎಂಟು ತಿಂಗಳಲ್ಲಿ ಸಂಭೋಗ ಪೂರ್ತಿಯಾಗುವುದೇ ನಿಂತಿದೆ. ಮೈಸೂರಿನ ಒಂದು ಖಾಸಗಿ ಕೇಂದ್ರದಲ್ಲಿ ₹36,000 ಕಟ್ಟಿ ಆರು ಸಲ ಶಾಕ್‌ವೇವ್ ಮಾಡಿಸಿಕೊಂಡಿದ್ದಾರೆ. ಗುಣ ಕಾಣಲಿಲ್ಲ. ಇನ್ನೂ ಆರು ಸಲ ಆಗಬೇಕು ಎಂದು ಬರೆದುಕೊಟ್ಟ ಚೀಟಿ ಹಿಡಿದು, ಹೆಂಡತಿಯ ಜೊತೆ ಬಂದಿದ್ದಾರೆ.

ಇದು ಯಾವುದೋ ಒಬ್ಬರ ಕಡತವಲ್ಲ. ಈ ಕಡೆ ಮತ್ತೆ ಮತ್ತೆ ಕಾಣಸಿಗುವ ಸಂಗತಿಗಳನ್ನು ಒಬ್ಬರ ಮೇಲೆ ಕೂಡಿಸಿ ಕಟ್ಟಿದ ಮಾದರಿ. ರೋಗಿಯ ಅಂಕಿಗಳು ಆ ಮಾದರಿಗೆ ಸೇರಿದವು. ಔಷಧ, ಯಂತ್ರ, ಅಳತೆಗಳ ಮಾತು ಮಾತ್ರ ಎಲ್ಲ ಕಡೆಗೂ ಸಲ್ಲುವಂಥದು.

“ಶುಗರ್ ಬಂದ್ರೆ ನರ ಸತ್ತೋಯ್ತವೆ ಅಂದ್ರು ಸಾ, ಕರೆಂಟ್ ಕೊಟ್ರೆ ಎದ್ದೇಳ್ತವೆ ಅಂದ್ರು.” ಅವರಿಗೆ ಅರ್ಥವಾಗಿದ್ದು ಅಷ್ಟು. ಹೆಸರಿನಲ್ಲಿ ‘ಶಾಕ್’ ಇದೆ ಅನ್ನುವುದು ಬಿಟ್ಟರೆ ಇದಕ್ಕೂ ಕರೆಂಟಿಗೂ ಸಂಬಂಧವಿಲ್ಲ. ಇದು ಒತ್ತಡದ ಅಲೆ, ಸದ್ದಿನ ಜಾತಿಯದು. 1980ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಕಿಡ್ನಿ ಕಲ್ಲು ಪುಡಿ ಮಾಡಲು ಬಳಸಿದ್ದು ಇದೇ ಅಲೆಯನ್ನು, ಹೆಚ್ಚು ಬಲದಲ್ಲಿ. ಬಲವನ್ನು ತೀರ ಇಳಿಸಿ ಕೊಟ್ಟರೆ ಅಂಗಾಂಶ ಒಡೆಯುವುದಿಲ್ಲ. ರಕ್ತನಾಳದ ಒಳಪದರಕ್ಕೆ ಒಂದು ತಟ್ಟು ಬೀಳುತ್ತದೆ. ಆ ತಟ್ಟಿಗೆ ಹೊಸ ಸಣ್ಣ ನಾಳಗಳು ಚಿಗುರುವ ಸಂಕೇತಗಳು ಹೊರಡುತ್ತವೆ, ನಾಳ ಹಿಗ್ಗಿಸುವ ನೈಟ್ರಿಕ್ ಆಕ್ಸೈಡ್ ತಯಾರಿ ಏರುತ್ತದೆ ಎಂಬುದು ಚಿಕಿತ್ಸೆಯ ಹಿಂದಿರುವ ವಾದ.

ಈ ವಾದ ಜನರ ಮೇಲೆ ಮೊದಲು ಪರೀಕ್ಷೆಗೆ ಬಂದದ್ದು ಇಸ್ರೇಲಿನ ಹೈಫಾದಲ್ಲಿ. ಯೋರಾಮ್ ವಾರ್ಡಿ ಮತ್ತು ಸಂಗಡಿಗರು 20 ಮಂದಿಗೆ ಕೊಟ್ಟ ಚಿಕಿತ್ಸೆಯ ಫಲವನ್ನು 2010ರಲ್ಲಿ ಪ್ರಕಟಿಸಿದರು. ಜಾಹೀರಾತುಗಳು ಬಿಟ್ಟುಬಿಡುವ ವಿವರ ಒಂದಿದೆ: ಆ 20 ಮಂದಿ ಸಿಲ್ಡೆನಾಫಿಲ್ ಜಾತಿಯ ನಿಮಿರುವಿಕೆಯ ಮಾತ್ರೆಗೆ ಸ್ಪಂದಿಸುತ್ತಿದ್ದವರು. ಮಾತ್ರೆಯೂ ಕೈಕೊಟ್ಟ, ಹತ್ತು ವರ್ಷ ಶುಗರ್ ಏರಿಸಿಕೊಂಡಿದ್ದ ಜನ ಅವರಲ್ಲ. 2013ರಲ್ಲಿ ಶುಗರ್ ಬರಿಸಿದ ಇಲಿಗಳಲ್ಲಿ ನರ, ನಾಳದ ಒಳಪದರ, ನಯ ಸ್ನಾಯು ಮೂರೂ ಚೇತರಿಸಿಕೊಂಡದ್ದು ಕಂಡುಬಂತು. ಅದು ನಿಜ. ಆದರೆ ಆ ಇಲಿಗಳ ಶುಗರ್‌ಗೆ ವಾರಗಳ ವಯಸ್ಸು, ಈ ಮನುಷ್ಯನದಕ್ಕೆ ಹನ್ನೊಂದು ವರ್ಷ. ಇನ್ನು 2017ರ ಡೆನ್ಮಾರ್ಕಿನ 126 ಗಂಡಸರ ಪರೀಕ್ಷೆಯಲ್ಲಿ ನಿಜವಾದ ಅಲೆಗೂ ಹುಸಿ ಅಲೆಗೂ ವ್ಯತ್ಯಾಸವೇ ಸಿಗಲಿಲ್ಲ. ಅಮೆರಿಕದ ಮೂತ್ರಶಾಸ್ತ್ರ ಸಂಘದ 2018ರ ಮಾರ್ಗಸೂಚಿ ಇದನ್ನು ಪ್ರಯೋಗದ ಹಂತದ್ದು ಎಂದೇ ಕರೆದಿದೆ. ಯುರೋಪಿನ ಸಂಘ ರಕ್ತನಾಳದ ಕಾರಣಕ್ಕೆ ಬಂದ ಸೌಮ್ಯ ತೊಂದರೆಗೆ ಕೊಡಬಹುದು ಎನ್ನುತ್ತದೆ, ಅದೂ ದುರ್ಬಲ ಶಿಫಾರಸು ಎಂದು ಹೇಳಿಯೇ.

ಹಳೆಯ ಹಾಳೆ

ಅವರ ಬಳಿಯಿದ್ದ ಹಳೆಯ ಚಿಕಿತ್ಸೆಯ ಹಾಳೆಯಲ್ಲಿ ಒಂದು ಸಾಲು: 2 ಬಾರ್, 10 ಹರ್ಟ್ಸ್, 3000. ಅಂದರೆ ಒತ್ತಡ, ಸೆಕೆಂಡಿಗೆ ಎಷ್ಟು ಹೊಡೆತ, ಒಟ್ಟು ಎಷ್ಟು ಹೊಡೆತ. ಅರ್ಧ ಉತ್ತರ ಅಲ್ಲೇ ಇತ್ತು.

‘ಬಾರ್’ ಅನ್ನುವುದು ಗಾಳಿಯ ಒತ್ತಡದ ಅಳತೆ. ಅದು ಬಂದಿದೆ ಎಂದರೆ ಯಂತ್ರ ರೇಡಿಯಲ್ ಜಾತಿಯದು. ಹಿಡಿಯೊಳಗೆ ಸಂಕುಚಿತ ಗಾಳಿ ಒಂದು ಸಣ್ಣ ಲೋಹದ ಗುಂಡನ್ನು ತಳ್ಳುತ್ತದೆ, ಅದು ತುದಿಗೆ ಟಕಟಕ ಬಡಿಯುತ್ತದೆ. ಹಿಮ್ಮಡಿ ನೋವಿಗೆ ಫಿಸಿಯೋಥೆರಪಿಯಲ್ಲಿ ಬಳಸುವುದು ಇದನ್ನೇ. ಇದರ ಬಲವೆಲ್ಲ ಚರ್ಮದ ಮೇಲೇ ಹೆಚ್ಚು, ಒಳಗೆ ಹೋದಂತೆ ಚದುರಿ ಇಳಿದುಬಿಡುತ್ತದೆ. ಫೋಕಸ್ಡ್ ಯಂತ್ರದ ರೀತಿ ಬೇರೆ: ಅಲೆ ಒಳಗಿನ ಗೊತ್ತಾದ ಆಳದಲ್ಲಿ ಕೂಡುತ್ತದೆ. ಅದರ ಬಲವನ್ನು ಹೇಳುವುದು ಬಾರ್‌ನಲ್ಲಲ್ಲ, ಪ್ರತಿ ಚದರ ಮಿಲಿಮೀಟರಿಗೆ ಇಷ್ಟು ಮಿಲಿಜೂಲ್ ಎಂದು. ಹೈಫಾದ ಅಧ್ಯಯನ ನಡೆದದ್ದು ಈ ಎರಡನೆಯ ಜಾತಿಯಲ್ಲಿ, 0.09 ಮಿಲಿಜೂಲ್‌ನಲ್ಲಿ. ಒಂದರ ಫಲಿತಾಂಶ ತೋರಿಸಿ ಇನ್ನೊಂದರಲ್ಲಿ ಚಿಕಿತ್ಸೆ ಕೊಡುವುದು ಈ ವ್ಯಾಪಾರದ ದೊಡ್ಡ ಮೋಸ. ಎಷ್ಟೋ ಕಡೆ ಯಂತ್ರ ಹಿಡಿದವರಿಗೂ ಈ ವ್ಯತ್ಯಾಸ ಗೊತ್ತಿರುವುದಿಲ್ಲ. ದುಡ್ಡು ಕಟ್ಟುವವರು ಒಂದೇ ಪ್ರಶ್ನೆ ಕೇಳಿದರೆ ಸಾಕು: ನಿಮ್ಮ ಯಂತ್ರದ ಬಲ ಬಾರ್‌ನಲ್ಲೋ, ಮಿಲಿಜೂಲ್‌ನಲ್ಲೋ?

ಇವರಿಗೆ ಐದನೆಯ ಸಲದ ಹೊತ್ತಿಗೆ ಮುಂದೊಗಲು ಕೆಂಪಾಗಿ, ಅಂಚಿನಲ್ಲಿ ಗೆರೆಗೆರೆಯಾಗಿ ಬಿರಿದು ಉರಿಯುತ್ತಿತ್ತು. ಶಾಕ್ ಕೊಟ್ಟರೆ ಹಾಗೆಯೇ, ಸರಿಹೋಗುತ್ತದೆ ಅಂದರಂತೆ. ಅದು ಶಾಕ್‌ನಿಂದ ಶುರುವಾದದ್ದಲ್ಲ.

ಮೊದಲ ದಿನ ಸಿಕ್ಕಿದ್ದು

ಮಾತ್ರೆಗಳ ಡಬ್ಬಿಯನ್ನು ಮೇಜಿನ ಮೇಲೆ ಸುರಿಸಿ ನೋಡಿದಾಗ: ಶುಗರ್‌ಗೆ ಮೆಟ್‌ಫಾರ್ಮಿನ್ 1 ಗ್ರಾಂ ಎರಡು ಹೊತ್ತು, ಗ್ಲಿಮಿಪಿರೈಡ್ 2 ಮಿ.ಗ್ರಾಂ, ಎಂಟು ತಿಂಗಳ ಹಿಂದೆ ಸೇರಿಸಿದ ಡಾಪಾಗ್ಲಿಫ್ಲೋಜಿನ್ 10 ಮಿ.ಗ್ರಾಂ, ಬಿಪಿಗೆ ಅಟೆನೊಲಾಲ್ 50 ಜೊತೆ ಕ್ಲೋರ್ಥಾಲಿಡೋನ್ 12.5. ದಿನಕ್ಕೆ ಹತ್ತು ಬೀಡಿ. ಸೊಂಟದ ಸುತ್ತಳತೆ 102 ಸೆಂ.ಮೀ. ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 9.1, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 138, ಕ್ರಿಯಾಟಿನಿನ್ (ಕಿಡ್ನಿಯ ಅಳತೆ) 1.0, ಮೂತ್ರದಲ್ಲಿ ಆಲ್ಬುಮಿನ್ ಇಲ್ಲ. ಹೆಬ್ಬೆರಳ ಕೆಳಗೆ 10 ಗ್ರಾಂ ಒತ್ತಡದ ನೈಲಾನ್ ಎಳೆ ಒತ್ತಿದರೆ ಗೊತ್ತಾಗುವುದಿಲ್ಲ. ಅಂದರೆ ಕಾಲಿನ ನರ ಸೋತಿದೆ, ಆ ಮಟ್ಟಿಗೆ ಶಿಶ್ನದ ನರವೂ ಸೋತಿರುತ್ತದೆ ಎಂದು ಹಿಡಿಯಬೇಕು.

ಡಾಪಾಗ್ಲಿಫ್ಲೋಜಿನ್ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಮುಂದೊಗಲಿನ ಒಳಗೆ ಸಿಹಿ ಮೂತ್ರದ ಪಸೆ ಉಳಿದರೆ ಅಲ್ಲಿ ಬೂಷ್ಟಿಗೆ ಹಬ್ಬ. ಬಿರುಕು, ಬಿಳಿ ಲೇಪ, ತುರಿಕೆ ಎಲ್ಲವೂ ಅದರದೇ. ನೋವಿರುವ ಚರ್ಮಕ್ಕೆ ನಿಮಿರುವಿಕೆಯೇ ಹಿಂಸೆ. ನೋವಿನ ಭಯಕ್ಕೆ ಮನಸ್ಸು ಮೊದಲೇ ಹಿಂದೆ ಸರಿಯುತ್ತದೆ. ಅವರ ತೊಂದರೆ ಜೋರಾದ ಎಂಟು ತಿಂಗಳೂ ಈ ಮಾತ್ರೆ ಬಂದ ಎಂಟು ತಿಂಗಳೂ ಒಂದೇ ಎಂಬುದನ್ನು ಯಾರೂ ಜೋಡಿಸಿ ನೋಡಿರಲಿಲ್ಲ. ಬಟ್ಟೆ ಬಿಚ್ಚಿಸಿ ನೋಡದೆ ಈ ಕಾಯಿಲೆಗೆ ಚಿಕಿತ್ಸೆ ಬರೆಯುವ ಅಭ್ಯಾಸವೇ ಇದಕ್ಕೆ ಕಾರಣ. ನೋಡುವಾಗಲೇ ಶಿಶ್ನದ ದಂಡದಲ್ಲಿ ಗಟ್ಟಿ ಪಟ್ಟಿ ಇದೆಯೇ, ನಿಮಿರಿದಾಗ ಸೊಟ್ಟಗಾಗುತ್ತದೆಯೇ ಎಂದು ಮುಟ್ಟಿ ಕೇಳಬೇಕು. ಶುಗರ್ ಇದ್ದವರಲ್ಲಿ ಅದೂ ಹೆಚ್ಚು. ಇವರಿಗೆ ಇರಲಿಲ್ಲ.

ಹಳೆಯ ಹಾಳೆಯಲ್ಲಿ ನಿಮಿರುವಿಕೆಯ ಮಾತ್ರೆ ಹಿಡಿಯಲಿಲ್ಲ ಎಂದು ಬರೆದಿತ್ತು. ಹೇಗೆ ನುಂಗಿದಿರಿ ಎಂದು ಕೇಳಿದರೆ ಬೇರೆಯೇ ಕತೆ. ಸಿಲ್ಡೆನಾಫಿಲ್ 50 ಮಿ.ಗ್ರಾಂ, ಒಟ್ಟು ನಾಲ್ಕು ಸಲ. ನಾಲ್ಕರಲ್ಲಿ ಮೂರು ಸಲ ಬಾಡೂಟದ ರಾತ್ರಿಗಳು: ಒಂಬತ್ತೂವರೆಗೆ ಮುದ್ದೆ, ಮಟನ್ ಸಾರು, ಅದರ ಮೇಲೆ ಮಾತ್ರೆ, ಆಮೇಲೆ ತಾನಾಗಿಯೇ ಏಳಲಿ ಎಂದು ಗೋಡೆ ಕಡೆ ಮುಖ ಮಾಡಿ ಮಲಗುವುದು. ಕೊಬ್ಬಿನ ಊಟದ ಮೇಲೆ ಸಿಲ್ಡೆನಾಫಿಲ್ ರಕ್ತಕ್ಕೆ ಏರುವುದು ಸುಮಾರು ಒಂದು ಗಂಟೆ ತಡವಾಗುತ್ತದೆ, ಏರುವ ಎತ್ತರವೂ ಕಾಲುಭಾಗಕ್ಕಿಂತ ಹೆಚ್ಚು ಇಳಿಯುತ್ತದೆ. ಇನ್ನೊಂದು ವಿಷಯ: ಈ ಮಾತ್ರೆ ಆಸೆ ಹುಟ್ಟಿಸುವುದಿಲ್ಲ, ಹುಟ್ಟಿದ ಆಸೆಗೆ ರಕ್ತ ಹರಿಯಲು ದಾರಿ ಮಾಡಿಕೊಡುತ್ತದೆ. ಮುಟ್ಟುವುದು, ಮಾತು, ಸರಸ ಇಲ್ಲದೆ ಕಾಯುತ್ತಾ ಮಲಗಿದವರಿಗೆ ಅದು ಕೆಲಸ ಮಾಡುವುದೇ ಇಲ್ಲ. ಹೆಂಡತಿ ನಡುವೆ ಹೇಳಿದರು: “ತಲೆ ನೋಯ್ತದೆ ಅಂತ ನಮ್ಮ ಮನೆಯವ್ರು ಆಮೇಲೆ ಮುಟ್ಟಲೇ ಇಲ್ಲ ಸಾ, ನಾನೂ ಕೇಳಕ್ಕೋಗಲಿಲ್ಲ.” ಸರಿಯಾದ ಪ್ರಮಾಣದಲ್ಲಿ, ಸರಿಯಾದ ಹೊತ್ತಿಗೆ, ಕನಿಷ್ಠ ಆರು ಸಲವಾದರೂ ತೆಗೆದುಕೊಂಡು ಆಗದಿದ್ದರೆ ಮಾತ್ರ ಮಾತ್ರೆ ಸೋತಿತು ಎನ್ನಬಹುದು. 1999ರಲ್ಲಿ ಪ್ರಕಟವಾದ, ಶುಗರ್ ಇದ್ದ 268 ಗಂಡಸರ ಪರೀಕ್ಷೆಯಲ್ಲಿ ಸಿಲ್ಡೆನಾಫಿಲ್ ತೆಗೆದುಕೊಂಡ ಶೇ. 56 ಮಂದಿ ಸುಧಾರಣೆ ಹೇಳಿದರು, ಹುಸಿ ಮಾತ್ರೆಯವರಲ್ಲಿ ಶೇ. 10. ಶುಗರ್ ಇಲ್ಲದವರಷ್ಟು ಫಲವಲ್ಲ, ಆದರೆ ಸೊನ್ನೆಯಂತೂ ಅಲ್ಲ.

ಟೆಸ್ಟೋಸ್ಟಿರಾನ್ ರಿಪೋರ್ಟೂ ಜೊತೆಗಿತ್ತು: 231. ಇಂಜೆಕ್ಷನ್ ಶುರುಮಾಡುವ ಸಲಹೆ ಪಕ್ಕದಲ್ಲೇ. ಆದರೆ ರಕ್ತ ಕೊಟ್ಟಿದ್ದು ಮಧ್ಯಾಹ್ನ ಎರಡೂವರೆಗೆ, ಊಟದ ಮೇಲೆ. ಈ ಹಾರ್ಮೋನು ಬೆಳಗ್ಗೆ ಹೆಚ್ಚು; ಹೊತ್ತೇರಿದಂತೆಯೂ ಊಟ ಮಾಡಿದ ಮೇಲೂ ಇಳಿಯುತ್ತದೆ. ಬೆಳಗ್ಗೆ ಎಂಟಕ್ಕೆ ಖಾಲಿ ಹೊಟ್ಟೆಯಲ್ಲಿ ಮತ್ತೆ ಕೊಡಿಸಿದಾಗ 362. ಡೆಸಿಲೀಟರಿಗೆ 300 ನ್ಯಾನೋಗ್ರಾಂಗಿಂತ ಕಡಿಮೆ, ಅದೂ ಎರಡು ಬೆಳಗ್ಗೆಗಳಲ್ಲಿ ಬಂದಿದ್ದರೆ ಇಂಜೆಕ್ಷನ್ ಮಾತು. ಇಲ್ಲಿಗೆ ಅದು ಮುಗಿಯಿತು.

ಏನನ್ನೂ ಬರೆಯುವ ಮುಂಚೆ ಹೃದಯ. ಶಿಶ್ನದ ಅಪಧಮನಿಯ ಅಗಲ 1ರಿಂದ 2 ಮಿ.ಮೀ., ಹೃದಯದ್ದು 3ರಿಂದ 4. ಒಂದೇ ಕೊಳೆ ಎರಡರಲ್ಲೂ ಕಟ್ಟುತ್ತಿದ್ದರೆ ಸಣ್ಣದು ಮೊದಲು ಮುಚ್ಚುತ್ತದೆ. ನಿಮಿರು ದೌರ್ಬಲ್ಯ ಎದೆನೋವಿಗಿಂತ ಎರಡು ಮೂರು ವರ್ಷ ಮುಂಚೆ ಬರುವುದು ಇದರಿಂದ. 54ರ ವಯಸ್ಸು, ಶುಗರ್, ಬಿಪಿ, ಬೀಡಿ ಎಲ್ಲ ಸೇರಿದವರಿಗೆ ಇಸಿಜಿ ಮತ್ತು ಟ್ರೆಡ್‌ಮಿಲ್ ಮಾಡಿಸದೆ ಮಂಚದ ವಿಷಯಕ್ಕೆ ಹೋಗಬಾರದು. ಇವರದು ಸರಿಯಿತ್ತು. ಶರ್ಟಿನ ಜೇಬಲ್ಲಿ ಸಾರ್ಬಿಟ್ರೇಟ್ ಇದೆಯೇ ಎಂದೂ ಬಾಯಿಬಿಟ್ಟು ಕೇಳಬೇಕು. ಎದೆ ಹಿಡಿದರೆ ಇರಲಿ ಎಂದು ಯಾರೋ ಕೊಟ್ಟದ್ದನ್ನು ಇಟ್ಟುಕೊಂಡಿರುತ್ತಾರೆ. ಸಿಲ್ಡೆನಾಫಿಲ್ ತೆಗೆದುಕೊಂಡ 24 ಗಂಟೆ, ಟಡಲಾಫಿಲ್ ತೆಗೆದುಕೊಂಡ 48 ಗಂಟೆ ಆ ಮಾತ್ರೆ ನಾಲಿಗೆ ಕೆಳಗೆ ಹೋಗಬಾರದು, ಬಿಪಿ ಕುಸಿದು ಪ್ರಾಣಕ್ಕೇ ಬರುತ್ತದೆ. ನರದೌರ್ಬಲ್ಯಕ್ಕೆ ಎಂದು ಬಸ್ ಸ್ಟ್ಯಾಂಡ್ ಗೋಡೆಗಳಲ್ಲಿ ಸಾರುವ ಬೇರಿನ ಕ್ಯಾಪ್ಸೂಲುಗಳ ಬಗ್ಗೆಯೂ ಕೇಳಬೇಕು. ಅರ್ಧ ಗಂಟೆಯಲ್ಲಿ ಕೆಲಸ ಮಾಡುವ ಗಿಡಮೂಲಿಕೆಯೊಳಗೆ ಸಿಲ್ಡೆನಾಫಿಲ್ ಬೆರೆಸಿದ್ದು ಎಷ್ಟೋ ದೇಶಗಳಲ್ಲಿ ಸಿಕ್ಕಿಬಿದ್ದಿದೆ.

ಡಾಪ್ಲರ್‌ಗೆ (ರಕ್ತದ ಹರಿವು ತೋರಿಸುವ ಸ್ಕ್ಯಾನ್) ನಾಳ ಹಿಗ್ಗಿಸುವ ಪಾಪಾವರಿನ್ 30 ಮಿ.ಗ್ರಾಂ ಚುಚ್ಚಿ, ಐದೈದು ನಿಮಿಷಕ್ಕೆ ಅಳೆದು 20 ನಿಮಿಷ ನೋಡಲಾಯಿತು. ರಕ್ತದ ಗರಿಷ್ಠ ವೇಗ ಬಲಕ್ಕೆ ಸೆಕೆಂಡಿಗೆ 27 ಸೆಂ.ಮೀ., ಎಡಕ್ಕೆ 24. ಪ್ರತಿ ಬಡಿತದ ಕೊನೆಯಲ್ಲಿ ಉಳಿಯುವ ವೇಗ 3. ಮೊದಲ ಅಂಕಿ 25ಕ್ಕಿಂತ ಕಡಿಮೆಯಾದರೆ ಬರುವ ರಕ್ತ ಸಾಲದು, ಎರಡನೆಯದು 5 ದಾಟಿದರೆ ಬಂದ ರಕ್ತ ನಿಲ್ಲುತ್ತಿಲ್ಲ ಎಂದು ಅರ್ಥ. ಇವರದು ಬರುವ ಕಡೆಯ ಕೊರತೆ, ಗಡಿಯ ಮೇಲಿನದು. ತಣ್ಣನೆಯ ಎಸಿ ಕೋಣೆ, ಬಾಗಿಲಾಚೆ ಜನರ ಮಾತು, ಹೆದರಿಕೆ ಇವಿಷ್ಟಿದ್ದರೆ ಚೆನ್ನಾಗಿರುವ ನಾಳವೂ ಸೋರಿದಂತೆ ತೋರುತ್ತದೆ; ಐದು ನಿಮಿಷಕ್ಕೆ ಒಂದೇ ಸಲ ಅಳೆದು ಬರೆದ ರಿಪೋರ್ಟನ್ನು ನಂಬಬೇಡಿ. ಚುಚ್ಚಿದ ಮೇಲೆ ನಾಲ್ಕು ಗಂಟೆಯಾದರೂ ಇಳಿಯದಿದ್ದರೆ ರಾತ್ರಿಯೆನ್ನದೆ ಬರಬೇಕು ಎಂದು ಬರೆದೇ ಕೊಡಬೇಕು.

ನಿಮಿರುವಿಕೆ ಅಳೆಯುವ ಐಐಇಎಫ್-5 ಎಂಬ ಐದು ಪ್ರಶ್ನೆಯ ಪಟ್ಟಿ 25 ಅಂಕಕ್ಕೆ. 22 ಮತ್ತು ಅದರ ಮೇಲೆ ಸರಿ, 17ರಿಂದ 21 ಸೌಮ್ಯ, 12ರಿಂದ 16 ಸೌಮ್ಯಕ್ಕಿಂತ ಸ್ವಲ್ಪ ಹೆಚ್ಚು, 8ರಿಂದ 11 ಮಧ್ಯಮ, 7 ಮತ್ತು ಅದರ ಕೆಳಗೆ ತೀವ್ರ. ಇವರದು 9. ಆರು ಸಲ ಶಾಕ್‌ವೇವ್ ಕೊಟ್ಟ ಕೇಂದ್ರದಲ್ಲಿ ಈ ಪಟ್ಟಿಯನ್ನು ಒಂದು ಸಲವೂ ತುಂಬಿಸಿರಲಿಲ್ಲ. ಹಾಗಿರುವಾಗ ಏರಿದ್ದೂ ಇಳಿದದ್ದೂ ಯಾರಿಗೆ ಗೊತ್ತಾಗಬೇಕು?

ಯಂತ್ರವಿಲ್ಲದ ಮೂರು ತಿಂಗಳು

ಡಾಪಾಗ್ಲಿಫ್ಲೋಜಿನ್ ನಿಲ್ಲಿಸಲಾಯಿತು. ಬೂಷ್ಟಿಗೆ ಕ್ಲೋಟ್ರಿಮಾಜೋಲ್ ಶೇ. 1ರ ಮುಲಾಮು, ಎರಡು ಹೊತ್ತು, ಎರಡು ವಾರ. ಸೋಪಿಲ್ಲದೆ ಉಗುರುಬೆಚ್ಚಗಿನ ನೀರಲ್ಲಿ ತೊಳೆದು, ಒಣಗಿಸಿ ಹಚ್ಚುವುದು. ಒಂದು ಫ್ಲುಕೋನಜೋಲ್ ಮಾತ್ರೆ ನುಂಗಿಸಿದರೆ ಕೆಲಸ ಸಲೀಸು ಅನಿಸುತ್ತದೆ. ಆದರೆ ಅದು ಗ್ಲಿಮಿಪಿರೈಡ್ ಕರಗುವುದನ್ನು ತಡೆದು ಶುಗರನ್ನು ಕೆಳಕ್ಕೆ ಬೀಳಿಸಬಹುದು. ಬೆಳಗಿನ ಜಾವ ನಾಲೆಗೆ ನೀರು ಕಟ್ಟಲು ಒಬ್ಬರೇ ಹೋಗುವ ಮನುಷ್ಯನಿಗೆ ಅದು ಬೇಡ.

ಅಟೆನೊಲಾಲ್, ಕ್ಲೋರ್ಥಾಲಿಡೋನ್ ಎರಡಕ್ಕೂ ನಿಮಿರುವಿಕೆ ಕುಗ್ಗಿಸುವ ಹೆಸರಿದೆ. ಅಟೆನೊಲಾಲನ್ನು ಎರಡು ವಾರದಲ್ಲಿ ಇಳಿಸುತ್ತಾ ಬಿಡಿಸಿ ಟೆಲ್ಮಿಸಾರ್ಟಾನ್ 40 ಹಾಕಲಾಯಿತು. ಅಟೆನೊಲಾಲನ್ನು ಒಮ್ಮೆಲೇ ನಿಲ್ಲಿಸಿದರೆ ಎದೆಬಡಿತ, ಬಿಪಿ ಎರಡೂ ನೆಗೆಯುತ್ತವೆ. ಎಲ್‌ಡಿಎಲ್‌ಗೆ ಅಟೊರ್ವಾಸ್ಟಾಟಿನ್ 20. ರಾತ್ರಿ ಎರಡು ಮುದ್ದೆಯ ಜಾಗದಲ್ಲಿ ಒಂದು, ಅದರ ಮೇಲೆ ಅನ್ನ ಬೇಡ, ಸೊಪ್ಪು ಕಾಳು ಬೇಕಾದಷ್ಟು. ವಿಶ್ವೇಶ್ವರಯ್ಯ ನಾಲೆಯ ಏರಿ ಮೇಲೆ ದಿನಾ 40 ನಿಮಿಷ ನಡಿಗೆ. ಬೀಡಿ ಬಿಡಲು ಐದು ವಾರ ಹಿಡಿಯಿತು, ಎರಡು ಸಲ ಮರಳಿ ಶುರುವಾಗಿ.

ಮಾತ್ರೆಯಲ್ಲಿ ಸಿಲ್ಡೆನಾಫಿಲ್ ಬದಲು ಟಡಲಾಫಿಲ್ 5 ಮಿ.ಗ್ರಾಂ, ದಿನವೂ ಒಂದೇ ಹೊತ್ತಿಗೆ. ಇದಕ್ಕೆ ಊಟದ ಹಂಗಿಲ್ಲ. ಅರ್ಧಾಯುಷ್ಯ ಹದಿನೇಳೂವರೆ ಗಂಟೆಯಾದ್ದರಿಂದ ಯಾವಾಗ ನುಂಗಿದೆ, ಯಾವಾಗ ಸೇರಬೇಕು ಎಂಬ ಗಡಿಯಾರದ ಕಾಟವೂ ಇಲ್ಲ. ಗಂಡ ಹೆಂಡಿರ ನಡುವೆ ಮಾತ್ರೆಯ ಹೊತ್ತು ಒಂದು ಗುಟ್ಟಾಗದಿರುವುದೇ ದೊಡ್ಡ ಲಾಭ. ಮೊದಲ ವಾರ ಸ್ವಲ್ಪ ಸೊಂಟನೋವು ಬಂತು, ಹೋಯಿತು.

ಹನ್ನೆರಡನೆಯ ವಾರ: ಎಚ್‌ಬಿಎ1ಸಿ 7.4. ಚರ್ಮ ಪೂರ್ತಿ ಮಾಗಿದೆ. ಐಐಇಎಫ್-5 ಅಂಕ 14.

ಒಂದು ಶಾಕೂ ಕೊಡದೆ ಐದು ಅಂಕ. ಇದನ್ನು ₹36,000ದ ಚೀಟಿಯ ಪಕ್ಕದಲ್ಲಿಟ್ಟು ಅವರಿಗೇ ತೋರಿಸಲಾಯಿತು.

ಆಮೇಲೆ ಶಾಕ್‌ವೇವ್

ಆದರೂ ಅವರು ಕೇಳಿದರು. ಜೀವಮಾನವೆಲ್ಲ ಮಾತ್ರೆ ನುಂಗುವುದೇ, ಸರಿಯಾದ ಯಂತ್ರದಲ್ಲಿ ಒಮ್ಮೆ ನೋಡಬಾರದೇ ಎಂದು. ಕೇಳಿದ್ದರಲ್ಲಿ ತಪ್ಪಿಲ್ಲ. ನಾಳದ ಕೊರತೆ ಗಡಿಯ ಮೇಲಿದೆ, ಸೋರಿಕೆಯಿಲ್ಲ, ಮಾತ್ರೆಗೆ ಸ್ಪಂದನೆ ಇದೆ: ಏನಾದರೂ ಫಲ ಸಿಗುವುದಿದ್ದರೆ ಇಂಥವರಲ್ಲೇ. ನರ ಸೋತಿರುವುದು ಎದುರು ಸಾಕ್ಷಿ. ಫಲ ಖಾತ್ರಿಯಿಲ್ಲ, ಬಂದರೂ ವರ್ಷ ಎರಡು ವರ್ಷದಲ್ಲಿ ಇಳಿಯಬಹುದು, ಮಾತ್ರೆ ಬಿಡುವಷ್ಟು ಆಗದಿರಬಹುದು ಎಂದು ಬರೆದು ಸಹಿ ಹಾಕಿಸಿಕೊಳ್ಳಲಾಯಿತು. ರಕ್ತ ತೆಳುಮಾಡುವ ವಾರ್ಫರಿನ್‌ನಂಥ ಮಾತ್ರೆ, ರಕ್ತ ಹೆಪ್ಪುಗಟ್ಟದ ಕಾಯಿಲೆ, ಆ ಜಾಗದಲ್ಲಿ ಸೋಂಕು ಅಥವಾ ಗಡ್ಡೆ ಇದ್ದಿದ್ದರೆ ಇಲ್ಲಿಗೇ ನಿಲ್ಲಿಸುವುದು.

ಮೊದಲು ನಾಲ್ಕು ವಾರ ಟಡಲಾಫಿಲ್ ಬಿಡಿಸಿ ಅಂಕ ತೆಗೆಯಲಾಯಿತು: 10. ಈ ಹೆಜ್ಜೆಗೆ ರೋಗಿಗಳು ಸಾಮಾನ್ಯವಾಗಿ ಒಪ್ಪುವುದಿಲ್ಲ, ಕೇಂದ್ರಗಳಿಗೂ ಬೇಕಿಲ್ಲ. ಆದರೆ ಮಾತ್ರೆಯ ಫಲವನ್ನು ಯಂತ್ರದ ಲೆಕ್ಕಕ್ಕೆ ಬರೆಯುವ ತಪ್ಪು ತಪ್ಪಿಸಲು ಬೇರೆ ದಾರಿಯಿಲ್ಲ.

ಎಲೆಕ್ಟ್ರೋಮ್ಯಾಗ್ನೆಟಿಕ್ ಫೋಕಸ್ಡ್ ಯಂತ್ರ, 0.09 ಮಿಲಿಜೂಲ್, ನಿಮಿಷಕ್ಕೆ 120 ಹೊಡೆತ. ಐದು ಜಾಗ: ದಂಡದ ತುದಿಭಾಗ, ನಡು, ಬುಡ, ಜೊತೆಗೆ ವೃಷಣಚೀಲದ ಹಿಂದೆ ಮೂಳೆಗೆ ಅಂಟಿಕೊಂಡಿರುವ ಎಡಬಲದ ಎರಡು ಬೇರು. ಜಾಗಕ್ಕೆ 300ರಂತೆ 1500. ಹನ್ನೆರಡೂವರೆ ನಿಮಿಷದ ಕೆಲಸ. ವಾರಕ್ಕೆರಡು ಸಲ ಮೂರು ವಾರ, ಮೂರು ವಾರ ಬಿಡುವು, ಮತ್ತೆ ಮೂರು ವಾರ. ಒಟ್ಟು 12 ಸಲ, 18,000 ಹೊಡೆತ.

ಮೂತ್ರ ಮಾಡಿ ಬಂದು ಅಂಗಾತ ಮಲಗಬೇಕು. ಬೇರಿನ ಜಾಗಕ್ಕೆ ಕಾಲು ಕಪ್ಪೆಯಂತೆ ಅಗಲಿಸಬೇಕು. ಕೂದಲು ಕತ್ತರಿಸಿರಬೇಕು, ಬ್ಲೇಡಿನಿಂದ ಬೋಳಿಸಿರಬಾರದು. ದಂಡವನ್ನು ಗಾಜ್ ಬಟ್ಟೆಯಲ್ಲಿ ಎಡಗೈಯಲ್ಲಿ ಹಿಡಿದು ಮೆಲ್ಲಗೆ ಎಳೆದಿರಿಸಿ, ಹಿಡಿಯನ್ನು ಪಕ್ಕದಿಂದ ನೆಟ್ಟಗೆ ಒತ್ತಬೇಕು. ಕೆಳಗಡೆಯಿಂದ ಕೊಟ್ಟರೆ ಮೂತ್ರನಾಳ ಸಿಕ್ಕಿಕೊಳ್ಳುತ್ತದೆ. ಇಡೀ ಕೆಲಸದಲ್ಲಿ ಹೆಚ್ಚು ಕೆಡುವುದು ಜೆಲ್‌ನಲ್ಲಿ. ಬಾಟಲಿ ಕುಲುಕಿ ಹಿಂಡಿದರೆ ಜೆಲ್ ತುಂಬ ಗುಳ್ಳೆ; ಗುಳ್ಳೆಯ ಗಾಳಿಗೆ ಬಡಿದ ಅಲೆ ಒಳಗೆ ಹೋಗದೆ ವಾಪಸಾಗುತ್ತದೆ. ಯಂತ್ರದ ಎಣಿಕೆ ಮಾತ್ರ 300 ಎಂದೇ ತೋರಿಸುತ್ತಿರುತ್ತದೆ. ಬಾಟಲಿಯನ್ನು ತಲೆಕೆಳಗಾಗಿ ನಿಲ್ಲಿಸಿಟ್ಟು, ನಿಧಾನಕ್ಕೆ ಹಿಂಡಿ, ಜಾಗ ಬದಲಿಸಿದಾಗಲೆಲ್ಲ ಒರೆಸಿ ಹೊಸದು ಹಾಕಬೇಕು. ಹಿಡಿಯ ತುದಿಗೂ ಇಷ್ಟು ಹೊಡೆತ ಎಂಬ ಆಯಸ್ಸಿದೆ, ಅದು ಮುಗಿದ ಮೇಲೂ ಓಡಿಸಿದರೆ ಸದ್ದು ಬರುತ್ತದೆ, ಬಲ ಬರುವುದಿಲ್ಲ. ಅರಿವಳಿಕೆ ಬೇಡ. ನೋವಾಗುತ್ತಿದೆ ಎಂದರೆ ಬಲ ಹೆಚ್ಚಾಗಿದೆ ಎಂದರ್ಥ. ಜಾಸ್ತಿ ಕೊಟ್ಟರೆ ಬೇಗ ಗುಣ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡನೆಯ ಸುತ್ತಿನಲ್ಲಿ ಕಬ್ಬು ಕಡಿಯುವ ಆಳು ಬಂದುದರಿಂದ ಎರಡು ಸಲ ತಪ್ಪಿತು. ಮಂಡ್ಯದಿಂದ ಮೈಸೂರಿಗೆ ವಾರಕ್ಕೆರಡು ಸಲ ಬಸ್ಸಿನಲ್ಲಿ ಹೋಗಿ ಬರುವುದು ಕಟಾವಿನ ಕಾಲದಲ್ಲಿ ಆಗದ ಮಾತು. ಮುಂದಿನ ವಾರ ಅದನ್ನು ತುಂಬಿಸಲಾಯಿತು. ಆರಂಭಿಸುವ ಮುಂಚೆಯೇ ಸುಗ್ಗಿ, ಹಬ್ಬ, ಮದುವೆಯ ದಿನಗಳನ್ನು ಕೇಳಿಕೊಳ್ಳುವುದು ಒಳ್ಳೆಯದು.

ಚಿಕಿತ್ಸೆಯ ಉದ್ದಕ್ಕೂ ಟಡಲಾಫಿಲ್ ಮತ್ತೆ ನಡೆಯುತ್ತಿತ್ತು. ಮುಗಿದ ಮೂರು ತಿಂಗಳಿಗೆ ಮಾತ್ರೆಯ ಮೇಲೆ ಅಂಕ 17. ನಾಲ್ಕು ವಾರ ಮಾತ್ರೆ ಬಿಡಿಸಿ ತೆಗೆದಾಗ 13. ಎರಡು ಕಡೆಯೂ ಮೂರು ಮೂರು ಏರಿಕೆ. ಡಾಪ್ಲರ್ 27ರಿಂದ 30, 24ರಿಂದ 26: ಅದೇ ಮನುಷ್ಯನನ್ನು ಅದೇ ವಾರ ಎರಡು ಸಲ ಅಳೆದರೂ ಇಷ್ಟು ಹೆಚ್ಚುಕಡಿಮೆ ಬರುತ್ತದೆ. ಅಷ್ಟರಲ್ಲಿ ಎಚ್‌ಬಿಎ1ಸಿ 7.0ಕ್ಕೆ ಇಳಿದಿತ್ತು, ಬೀಡಿ ಬಿಟ್ಟು ಎಂಟು ತಿಂಗಳಾಗಿತ್ತು, ಗಂಡ ಹೆಂಡತಿ ಮತ್ತೆ ಮಾತಾಡಿಕೊಳ್ಳುತ್ತಿದ್ದರು. ಆ ಮೂರರಲ್ಲಿ ಯಂತ್ರಕ್ಕೆ ಎಷ್ಟು ಪಾಲು ಎಂದು ಒಬ್ಬ ರೋಗಿಯ ಮೇಲೆ ಬೇರ್ಪಡಿಸಿ ಹೇಳಲಾಗದು. ನಮ್ಮ ಓದು ಇಷ್ಟು: ಅರ್ಧಕ್ಕಿಂತ ಹೆಚ್ಚು ಗುಣ ಮೊದಲ ಹನ್ನೆರಡು ವಾರದಲ್ಲೇ ಬಂದಿತ್ತು, ಅದಕ್ಕೆ ಯಂತ್ರ ಬೇಕಿರಲಿಲ್ಲ.

ವರ್ಷದ ಹೊತ್ತಿಗೆ ಮಾತ್ರೆಯ ಮೇಲಿನ ಅಂಕ 15. ಮತ್ತೊಂದು ಸುತ್ತು ಮಾಡಿಸುವುದೇ ಎಂದು ಅವರೇ ಕೇಳಿ, ಅವರೇ ಬೇಡವೆಂದರು. ಟಡಲಾಫಿಲ್ ಮುಂದುವರಿದಿದೆ. ಅದು ಸಾಲದಾದರೆ ಹೊರಗಿನಿಂದ ರಕ್ತ ಎಳೆಯುವ ವ್ಯಾಕ್ಯೂಮ್ ಪಂಪ್ ಇದೆ, ಬುಡಕ್ಕೆ ಹಾಕುವ ರಬ್ಬರ್ ಉಂಗುರವನ್ನು 30 ನಿಮಿಷದೊಳಗೆ ತೆಗೆಯಬೇಕು. ಕಾಲಿನ ಸ್ಪರ್ಶ ಕಡಿಮೆಯಾದವರಿಗೆ ಅಲ್ಲಿಯೂ ಬಿಗಿತ ಗೊತ್ತಾಗದೆ ಇರಬಹುದು, ಗಡಿಯಾರ ನೋಡಿಯೇ ತೆಗೆಯಬೇಕು. ಆಮೇಲೆ ಚುಚ್ಚುಮದ್ದು, ಅದಕ್ಕೂ ಆಚೆ ಇಂಪ್ಲಾಂಟ್. ಇವರು ಸದ್ಯಕ್ಕೆ ಅಲ್ಲಿಗೆ ಬಂದಿಲ್ಲ. ಕಡತದ ಕೊನೆಯ ಸಾಲು ಮುಂದಿನ ಭೇಟಿಗೆ ತರಬೇಕಾದದ್ದು: ಖಾಲಿ ಹೊಟ್ಟೆಯ ರಕ್ತ, ಕಣ್ಣಿನ ಪರದೆಯ ರಿಪೋರ್ಟು, ಮಾತ್ರೆಯ ಡಬ್ಬಿ.